ವ್ಯಾನ್ ಹೇಲನ್ ಮೊದಲ ಆಲ್ಬಮ್: ಬರೀ ಆ ಸೋಲೊ ಅಲ್ಲ ಸ್ವಾಮಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಮಾಡೋಣ ಅಂತ ಬಂದಿದ್ದೇನೆ.

1978ರ ಫೆಬ್ರವರಿಯಲ್ಲಿ ಅಮೆರಿಕದ ರಾಕ್ ಬ್ಯಾಂಡ್ ವ್ಯಾನ್ ಹೇಲನ್‌ನ ಮೊದಲ ಆಲ್ಬಮ್ ಬಂತು. ಅದರ ಮಾತು ಎತ್ತಿದರೆ ಸಾಕು, ಎಲ್ಲರೂ ಸೀದಾ 'ಇರಪ್ಷನ್' ಹತ್ತಿರ ಹೋಗಿ ನಿಲ್ಲುತ್ತಾರೆ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಎರಡೂ ಕೈ ಬೆರಳುಗಳಿಂದ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಪಟ್ಟಿ) ಮೇಲೆ ಟ್ಯಾಪ್ ಮಾಡುವ ಆ 1 ನಿಮಿಷ 42 ಸೆಕೆಂಡಿನ ಸೋಲೊ. ಅದ್ಭುತ, ಒಪ್ಪಿದೆ. ಆದರೆ ಈ ಆಲ್ಬಮ್ ಇವತ್ತಿಗೂ ಹಳತಾಗದೆ ಉಳಿದಿರುವುದು ಎಡ್ಡಿಯ ವೇಗದಿಂದ ಅಲ್ಲ. ಅದರೊಳಗೆ ಬಿಟ್ಟಿರುವ ಖಾಲಿ ಜಾಗದಿಂದ.

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಿಟಾರ್ ಎಡಗಿವಿಯಲ್ಲಿದೆ. ಬಲಗಿವಿಗೆ ಹೆಚ್ಚಾಗಿ ಬರುವುದು ಅದರ ಪ್ರತಿಧ್ವನಿ, ಅಷ್ಟೇ. ಎರಡು ವರ್ಷ ಹಿಂದೆ, 1976ರಲ್ಲಿ, ಬೋಸ್ಟನ್ ಬ್ಯಾಂಡಿನ ಮೊದಲ ಆಲ್ಬಮ್ ಬಂದಿತ್ತು. ಅಲ್ಲಿ ಗಿಟಾರ್ ಮೇಲೆ ಗಿಟಾರ್ ಪೇರಿಸಿದ್ದಾರೆ. ಚೆಂದವಾಗಿಯೇ ಇದೆ, ಆದರೆ ಉಸಿರಾಡಲು ಜಾಗವಿಲ್ಲ. ಇಲ್ಲಿ ಪ್ರೊಡ್ಯೂಸರ್ ಟೆಡ್ ಟೆಂಪಲ್‌ಮನ್, ಎಂಜಿನಿಯರ್ ಡಾನ್ ಲ್ಯಾಂಡಿ ಮಾಡಿದ್ದೇ ಬೇರೆ. ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಬ್ಯಾಂಡನ್ನು ಒಟ್ಟಿಗೆ ನುಡಿಸಲು ಬಿಟ್ಟರು. ಕೆಲವೇ ವಾರಗಳಲ್ಲಿ ಕೆಲಸ ಮುಗಿಯಿತು. ಆಮೇಲೆ ಸೇರಿಸಿದ್ದು ಬಹಳ ಕಡಿಮೆ.

ಇದು ಸುಮ್ನೆ ಆದದ್ದಲ್ಲ. 1976ರಲ್ಲಿ ಕಿಸ್ ಬ್ಯಾಂಡಿನ ಜೀನ್ ಸಿಮನ್ಸ್ ಇವರ ಡೆಮೊ (ಮಾದರಿ ರೆಕಾರ್ಡಿಂಗ್) ಮಾಡಿಸಿದ್ದ. ಆಗ ಓವರ್‌ಡಬ್ ಮಾಡುವುದು, ಅಂದರೆ ಒಮ್ಮೆ ನುಡಿಸಿದ್ದರ ಮೇಲೆ ಮತ್ತೆ ನುಡಿಸಿ ಸೇರಿಸುವುದು, ಎಡ್ಡಿಗೆ ಹಿಡಿಸಿರಲಿಲ್ಲ. ಟೆಂಪಲ್‌ಮನ್ ಹುಡುಗನನ್ನು ಅವನ ಪಾಡಿಗೆ ಬಿಟ್ಟ. 'ಇರಪ್ಷನ್' ಸಿಕ್ಕಿದ್ದೂ ಹಾಗೆಯೇ. ಎಡ್ಡಿ ಸ್ಟುಡಿಯೋದಲ್ಲಿ ಕ್ಲಬ್ ಶೋಗೆ ಕೈ ಸರಿಮಾಡಿಕೊಳ್ಳುತ್ತಿದ್ದ. ಅದು ಕಿವಿಗೆ ಬಿದ್ದು, ರೆಕಾರ್ಡ್ ಮಾಡಿಸಿದರು. ಅದರಲ್ಲಿ ಒಂದು ತಪ್ಪಿದೆ ಅಂತ ಎಡ್ಡಿ ಆಮೇಲೂ ಗೊಣಗುತ್ತಿದ್ದ. ಆ ತಪ್ಪನ್ನೂ ಒರೆಸಿಲ್ಲ ನೋಡಿ!

ಆ ಖಾಲಿ ಜಾಗದಲ್ಲಿ ಯಾರು ಕೇಳಿಸುತ್ತಾರೆ ಗೊತ್ತಾ? ಬೇಸ್ ಗಿಟಾರ್ ನುಡಿಸುವ ಮೈಕಲ್ ಆಂಥನಿ. ಮೊದಲ ಹಾಡು ಕಾರ್ ಹಾರ್ನ್‌ಗಳ ಸದ್ದಿನಿಂದ ಶುರುವಾಗುತ್ತದೆ. ಆಮೇಲೆ ಬೇಸ್ ಒಂದೇ ಸ್ವರವನ್ನು ಕುಟ್ಟುತ್ತಾ ಬರುತ್ತದೆ. ಏನೂ ಆಡಂಬರ ಇಲ್ಲ. ಕೋರಸ್ ಬಂದಾಗ ಆ ತಾರಸ್ಥಾಯಿಯ ಹಿನ್ನೆಲೆ ದನಿ ಅವನದೇ. ಅದನ್ನು ತೆಗೆದುಬಿಟ್ಟರೆ ಮುಖ್ಯ ಗಾಯಕ ಡೇವಿಡ್ ಲೀ ರಾತ್‌ನ ಅರಚಾಟ ಬರೀ ಅರಚಾಟವಾಗಿ ಉಳಿಯುತ್ತಿತ್ತು. (ರಾತ್ ಅಭಿಮಾನಿಗಳೇ, ಕ್ಷಮೆ ಇರಲಿ. ಆದರೂ ನಿಜ ಅಲ್ವಾ?)

ಎಲ್ಲವೂ ಚಿನ್ನ ಅಂತ ಹೇಳುತ್ತಿಲ್ಲ. ಎರಡನೇ ಸೈಡ್‌ನಲ್ಲಿ ಒಂದೆರಡು ಹಾಡು ಸಾಧಾರಣ. ಕಿಂಕ್ಸ್ ಬ್ಯಾಂಡಿನ ಹಳೆಯ ಹಾಡನ್ನು ಮೊದಲ ಸಿಂಗಲ್ (ಬಿಡಿಯಾಗಿ ಹೊರಬರುವ ಹಾಡು) ಮಾಡಿದ್ದೂ ನನಗೆ ಒಪ್ಪಿಗೆಯಿಲ್ಲ. ಸ್ವಂತ ಹಾಡು ಇಷ್ಟು ಇರುವಾಗ ಕವರ್ ಯಾಕೆ ಬೇಕಿತ್ತು?

ಒಂದು ಸಲ 'ಇರಪ್ಷನ್' ದಾಟಿಸಿ, ಉಳಿದದ್ದನ್ನು ಪೂರ್ತಿ ಕೇಳಿ. ಆಮೇಲೆ ನನ್ನನ್ನು ಬೈಯಿರಿ.