ಕಡಿದ ಸೇತುವೆಯ ಎರಡು ದಡ

ಕೇಳುಗರಿಗೆ ನಮಸ್ಕಾರ.

ಪ್ರತಿ ಗುರುವಾರ ಸಂಜೆ ನನ್ನ ಮೇಜಿನ ಸುತ್ತ ಸೇರುವ ಆಟಗಾರರ ತಂಡವೊಂದು ಒಮ್ಮೆ ಆಳವಾದ ಕಣಿವೆಯೊಂದರ ಅಂಚಿಗೆ ಬಂದು ನಿಂತಿತು. ಅವರ ನಕ್ಷೆಯ ಪ್ರಕಾರ ಅಲ್ಲಿ ಹಗ್ಗದ ಸೇತುವೆ ಇರಬೇಕಿತ್ತು. ಆದರೆ ನಾನು ವರ್ಣಿಸಿದ್ದು ಎರಡು ಬರಿಯ ಕಂಬಗಳನ್ನು, ಅವುಗಳಿಗೆ ಸುತ್ತಿಕೊಂಡೇ ಉಳಿದಿದ್ದ ಗೇಣುದ್ದದ ಹಗ್ಗದ ತುಂಡುಗಳನ್ನು, ಮರದಲ್ಲಿ ಇನ್ನೂ ಹಸಿಯಾಗಿದ್ದ ಕೊಡಲಿಯ ಕಚ್ಚುಗಳನ್ನು. ಸೇತುವೆಯ ಉಳಿದ ಭಾಗ ಆಚೆ ದಡದ ಬಂಡೆಗೆ ಜೋತುಬಿದ್ದಿತ್ತು. ಯಾರು ಕಡಿದರೆಂದು ಒಬ್ಬರು ಕೇಳಿದರು, ನಾನು ಉತ್ತರಿಸಲಿಲ್ಲ. ತುಸು ಹೊತ್ತಿನ ಮೇಲೆ ಇನ್ನೊಬ್ಬರು ಮೆಲುದನಿಯಲ್ಲಿ, “ಭಾನುವಾರದವರು” ಎಂದರು. ಮೇಜು ಪೂರ್ತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೆ ಕಾರಣವಾದ ಆಟದ ಬಗೆಯನ್ನು ಕುರಿತು ಈ ಹೊತ್ತು ಮಾತನಾಡಬೇಕೆಂದಿದ್ದೇನೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮೇಜಿನ ಸುತ್ತ ಕುಳಿತು ಆಡುವ ಈ ಪಾತ್ರಧಾರಿ ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಲೋಕವನ್ನು ವರ್ಣಿಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ, ಫಲ ಖಚಿತವಿಲ್ಲದ ಕಡೆ ದಾಳ ತೀರ್ಮಾನಿಸುತ್ತದೆ. ತಿಂಗಳುಗಟ್ಟಲೆ ಮುಂದುವರಿಯುವ ಇಂಥ ಆಟಕ್ಕೆ ಕ್ಯಾಂಪೇನ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಕ್ಯಾಂಪೇನಿಗೆ ನಾಲ್ಕೈದು ಮಂದಿಯ ಒಂದೇ ತಂಡ. ನನ್ನಲ್ಲಿ ಎರಡು ತಂಡಗಳಿವೆ, ಒಂದು ಭಾನುವಾರದ್ದು, ಇನ್ನೊಂದು ಗುರುವಾರದ್ದು. ಲೋಕ ಮಾತ್ರ ಒಂದೇ.

ಇದು ಹೊಸ ಪ್ರಯೋಗವಲ್ಲ, ಈ ಆಟ ಹುಟ್ಟಿದ್ದೇ ಹೆಚ್ಚುಕಡಿಮೆ ಹೀಗೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವ್ ಆರ್ನೆಸನ್ ಬ್ಲಾಕ್‌ಮೂರ್ ಎಂಬ ಲೋಕವನ್ನೂ, ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಗ್ರೇಹಾಕ್ ಎಂಬ ಲೋಕವನ್ನೂ ನಡೆಸುತ್ತಿದ್ದರು. ಇವರಿಬ್ಬರ ಕೆಲಸದಿಂದ 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೊದಲ ನಿಯಮಾವಳಿಯು ಒಂದು ಕ್ಯಾಂಪೇನಿನಲ್ಲಿ ನಾಲ್ಕರಿಂದ ಐವತ್ತರವರೆಗೆ ಆಟಗಾರರು ಇರಬಹುದೆಂದೂ, ಸುಮಾರು ಇಪ್ಪತ್ತು ಮಂದಿಗೆ ಒಬ್ಬ ನಿರ್ವಾಹಕ ಬೇಕೆಂದೂ ಹೇಳುತ್ತದೆ. ಐವತ್ತು ಜನ ಒಂದೇ ಸಂಜೆ ಒಂದೇ ಮೇಜಿಗೆ ಬರುವುದಿಲ್ಲ. ಬೇರೆ ಬೇರೆ ದಿನ ಬೇರೆ ಬೇರೆ ಗುಂಪು ಬಂದು ಅದೇ ಕೋಟೆಯ ಅದೇ ನೆಲಮಾಳಿಗೆಗೆ ಇಳಿಯಬಹುದು, ಮೊದಲು ಹೋದವರು ಬರಿದು ಮಾಡಿದ ಕೋಣೆ ಆಮೇಲೆ ಹೋದವರಿಗೂ ಬರಿದಾಗಿಯೇ ಸಿಗಬೇಕು ಎಂಬುದು ಈ ಲೆಕ್ಕದ ಒಳಗೇ ಇದೆ. ಕಾಲಕ್ರಮದಲ್ಲಿ ಒಂದು ತಂಡಕ್ಕೆ ಒಂದು ಕಥೆ ಎಂಬ ರೂಢಿ ಬಲವಾಯಿತು. 2007ರಲ್ಲಿ ಬೆನ್ ರಾಬಿನ್ಸ್ ಎಂಬ ಸೂತ್ರಧಾರರು ವೆಸ್ಟ್ ಮಾರ್ಚಸ್ ಎಂಬ ತಮ್ಮ ಕ್ಯಾಂಪೇನಿನ ವಿವರವನ್ನು ಬರೆದು ಪ್ರಕಟಿಸಿದ ಮೇಲೆ ಅನೇಕರು ಮತ್ತೆ ಈ ಕಡೆ ತಿರುಗಿದರು. ಅಲ್ಲಿ ನಿಗದಿತ ತಂಡವೇ ಇರಲಿಲ್ಲ. ಯಾವ ದಿನ, ಯಾರು, ಎಲ್ಲಿಗೆ ಎಂಬುದನ್ನು ಆಟಗಾರರೇ ಗೊತ್ತುಮಾಡಿಕೊಂಡು ಬರುತ್ತಿದ್ದರು, ಎಲ್ಲರಿಗೂ ಸೇರಿ ಒಂದೇ ನಕ್ಷೆ ಇತ್ತು.

ಎರಡು ತಂಡಗಳನ್ನು ಒಂದೇ ಲೋಕದಲ್ಲಿ ಇಟ್ಟವರಿಗೆ ಎದುರಾಗುವ ನಿಜವಾದ ಕಷ್ಟ ಕಥೆಯದ್ದಲ್ಲ, ಕಾಲದ್ದು. ಒಂದು ತಂಡ ಒಂದು ಗುಹೆಯ ಮೂರು ಗಂಟೆಗಳ ಶೋಧವನ್ನು ಎರಡು ಕೂಟಗಳಷ್ಟು ಆಡುತ್ತದೆ, ಇನ್ನೊಂದು ತಂಡ ಒಂದೇ ವಾಕ್ಯದಲ್ಲಿ ಇಪ್ಪತ್ತು ದಿನದ ಮರುಭೂಮಿಯನ್ನು ದಾಟಿಬಿಡುತ್ತದೆ. ಹೀಗೆ ಒಬ್ಬರು ಮುಂದಿನ ತಿಂಗಳಿನಲ್ಲಿ, ಇನ್ನೊಬ್ಬರು ಹಿಂದಿನ ತಿಂಗಳಿನಲ್ಲಿ ಬದುಕತೊಡಗುತ್ತಾರೆ. ಮುಂದಿರುವವರು ಈಗಾಗಲೇ ಸುಟ್ಟುಹಾಕಿದ ಊರಿಗೆ ಹಿಂದಿರುವವರು ಬಂದರೆ ಊರು ಇನ್ನೂ ಇರಲೇಬೇಕು, ಮತ್ತು ಆ ಊರಿನಲ್ಲಿ ಅವರು ಏನೇ ಮಾಡಿದರೂ ಅದು ಸುಡಲೇಬೇಕು. ಆಗ ಅವರ ಆಯ್ಕೆಗೆ ಬೆಲೆಯೇ ಉಳಿಯುವುದಿಲ್ಲ. ಕಟ್ಟುನಿಟ್ಟಾಗಿ ಕಾಲದ ಲೆಕ್ಕವಿಡದೆ ಅರ್ಥವುಳ್ಳ ಕ್ಯಾಂಪೇನ್ ಸಾಧ್ಯವಿಲ್ಲ ಎಂದು ಗೈಗ್ಯಾಕ್ಸ್ ಸೂತ್ರಧಾರರಿಗಾಗಿ ಬರೆದ 1979ರ ತಮ್ಮ ಮಾರ್ಗದರ್ಶಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ (ಕ್ಯಾಪಿಟಲ್) ಬರೆದರು. ಒಂದೇ ತಂಡವಿದ್ದವರಿಗೆ ಇದು ಅತಿಯೆನಿಸಬಹುದು, ನನಗೆ ಇದು ಈ ಕೆಲಸದ ಬೇರು.

ನನ್ನ ಬಳಿ ಗೆರೆ ಹಾಕಿದ ಉದ್ದನೆಯ ಪುಸ್ತಕವೊಂದಿದೆ. ಎಡಕ್ಕೆ ಆ ಲೋಕದ ದಿನಾಂಕಗಳು, ಬಲಕ್ಕೆ ತಂಡಕ್ಕೊಂದು ಅಂಕಣ, ಕೊನೆಯ ಅಂಕಣದಲ್ಲಿ ಎರಡೂ ತಂಡಗಳ ಕಣ್ಣಿಗೆ ಬೀಳದೆ ನಡೆಯುವ ಸಂಗತಿಗಳು. ಕೂಟ ಮುಗಿದ ರಾತ್ರಿಯೇ, ಮಲಗುವ ಮುನ್ನ, ಅರ್ಧ ಗಂಟೆ ಕುಳಿತು ಇದನ್ನು ತುಂಬುತ್ತೇನೆ, ಏಕೆಂದರೆ ನಾಳೆಗೆಂದು ಬಿಟ್ಟ ದಿನಾಂಕ ನಾಡಿದ್ದಿಗೆ ಮಸುಕಾಗಿರುತ್ತದೆ. ಒಂದು ತಂಡ ಇನ್ನೊಂದಕ್ಕಿಂತ ಹತ್ತು ದಿನಕ್ಕೂ ಹೆಚ್ಚು ಮುಂದೆ ಹೋಗಲು ಬಿಡುವುದಿಲ್ಲ. ಹಾಗಾದಾಗ ಹಿಂದುಳಿದವರಿಗೆ ಗಾಯ ಮಾಯಲು, ವಿದ್ಯೆ ಕಲಿಯಲು, ಮಳೆ ನಿಲ್ಲುವವರೆಗೆ ಒಂದೂರಿನಲ್ಲಿ ತಂಗಲು ಅವಕಾಶ ಕೊಟ್ಟು ದಿನಗಳನ್ನು ಸರಿಗಟ್ಟುತ್ತೇನೆ. ಹೊರಗಿನ ಒಂದು ದಿನಕ್ಕೆ ಒಳಗೂ ಒಂದೇ ದಿನ ಎಂದು ಲೆಕ್ಕ ಹಿಡಿಯುವವರಿದ್ದಾರೆ. ಪ್ರತಿ ಕೂಟದ ಕೊನೆಗೆ ತಂಡ ಸುರಕ್ಷಿತ ಸ್ಥಳಕ್ಕೆ ಮರಳುವಂತಿದ್ದರೆ ಅದು ಬಹಳ ಚೊಕ್ಕ ಕ್ರಮ, ದೂರ ಪ್ರಯಾಣದ ಕಥೆಗಳಿಗೆ ಒಗ್ಗುವುದಿಲ್ಲ.

ಈ ಶಿಸ್ತನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಭಾನುವಾರದವರು ಬೆಟ್ಟದ ಗುಡಿಯೊಂದರಿಂದ ಬೆಳ್ಳಿಯ ಗಂಟೆಯನ್ನು ಆ ಲೋಕದ ತಿಂಗಳಿನ ಹದಿನಾಲ್ಕನೆಯ ದಿನ ಹೊತ್ತೊಯ್ದಿದ್ದರು. ಕೆಲವು ವಾರಗಳ ಮೇಲೆ ಗುರುವಾರದವರು ಅದೇ ಗುಡಿಗೆ ಹೋದಾಗ, ನೆನಪಿನ ಮೇಲೆ ಭಾರ ಹಾಕಿ, ಗಂಟೆಯಿಲ್ಲದ ಖಾಲಿ ಕೊಂಡಿಯನ್ನು ವರ್ಣಿಸಿಬಿಟ್ಟೆ. ಅವರು ಹೋಗಿದ್ದು ಹನ್ನೊಂದನೆಯ ದಿನ. ಇದನ್ನು ಗಮನಿಸಿದ ಆಟಗಾರರೊಬ್ಬರು ಕೂಟ ಮುಗಿದ ಮೇಲೆ ಉಳಿದು, ಗಂಟೆ ಅವತ್ತು ಅಲ್ಲಿಯೇ ಇರಬೇಕಿತ್ತಲ್ಲವೇ ಎಂದು ಕೇಳಿದರು. ಹೌದೆಂದು ಒಪ್ಪಿಕೊಂಡೆ. ಮುಂದಿನ ವಾರ ಇಡೀ ತಂಡದೆದುರು ತಪ್ಪನ್ನು ಹೇಳಿ, ಅರ್ಚಕ ಅದನ್ನು ತೊಳೆದು ಬೆಳಗಲೆಂದು ಎರಡು ದಿನ ಕೆಳಗಿಳಿಸಿದ್ದನೆಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ತೇಪೆ ನಿಂತಿತು. ಆದರೆ ಮುಂದಿನ ಎರಡು ಮೂರು ಕೂಟಗಳಲ್ಲಿ, ನಾನು ಏನನ್ನು ವರ್ಣಿಸಿದರೂ, ಇದು ನಿಜವಾಗಿ ಹೀಗಿದೆಯೋ ಅಥವಾ ಸೂತ್ರಧಾರರು ಮರೆತರೋ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತಿತ್ತು. ಆ ನೋಟವನ್ನು ನಾನು ಮರೆತಿಲ್ಲ.

ಕಾಲ ಸರಿಯಾಯಿತೆಂದರೆ ಮುಂದಿನದು ಸುದ್ದಿ. ಒಂದು ತಂಡದ ಸಾಹಸವನ್ನು ಇನ್ನೊಂದಕ್ಕೆ ಸೂತ್ರಧಾರರ ಬಾಯಿಂದ ನೇರವಾಗಿ ಹೇಳುವುದು ನನಗೆ ಸರಿಬರುವುದಿಲ್ಲ. ಕುದುರೆ ಎಷ್ಟು ವೇಗವಾಗಿ ಓಡೀತೋ ಅಷ್ಟೇ ವೇಗದಲ್ಲಿ ಸುದ್ದಿ ಹೋಗಬೇಕು, ಕಿವಿಯಿಂದ ಕಿವಿಗೆ ದಾಟುತ್ತಾ ಉಪ್ಪುಖಾರ ಹತ್ತಿಸಿಕೊಳ್ಳಬೇಕು. ಅದಕ್ಕಿಂತ ಮಿಗಿಲಾಗಿ, ಸುದ್ದಿಗೆ ಮೊದಲು ಪರಿಣಾಮ ಬರಬೇಕು. ಭಾನುವಾರದವರು ಕಣಿವೆದಾರಿಯ ದರೋಡೆಕೋರರನ್ನು ಸದೆಬಡಿದಾಗ ಕೆಳಗಿನ ಪೇಟೆಯಲ್ಲಿ ಉಪ್ಪಿನ ಬೆಲೆ ಇಳಿಯಿತು, ಗಾಡಿಗಳಿಗೆ ಕಾವಲುಗಾರರು ಬೇಡವಾದರು. ಆ ಪೇಟೆಯಲ್ಲಿ ಕಾವಲಿನ ಕೂಲಿಯಿಂದಲೇ ದಿನ ನೂಕುತ್ತಿದ್ದ ಗುರುವಾರದವರಿಗೆ ಕೆಲಸ ಹೋಯಿತು. ವರ್ತಕನೊಬ್ಬ ಲೆಕ್ಕ ಚುಕ್ತಾ ಮಾಡಿ, ದಾರಿ ಈಗ ನಿರ್ಭಯವಾಗಿದೆ ಎಂದು ಸಂತೋಷದಿಂದ ಹೇಳಿದಾಗ ಅವರಿಗಾದ ಕಸಿವಿಸಿ ನಾನು ಬರೆದುಕೊಂಡಿದ್ದ ಯಾವ ಕಥಾತಿರುವಿನಿಂದಲೂ ಹುಟ್ಟುತ್ತಿರಲಿಲ್ಲ. ಇನ್ನೊಬ್ಬರ ಒಳ್ಳೆಯ ಕೆಲಸ ತಮ್ಮ ಹೊಟ್ಟೆಯ ಮೇಲೆ ಹೊಡೆದಾಗಲೇ ಆ ಲೋಕ ತಮ್ಮ ಒಬ್ಬರದ್ದಲ್ಲ ಎಂಬುದು ಅವರಿಗೆ ಮನದಟ್ಟಾಯಿತು.

ಇಲ್ಲಿ ನ್ಯಾಯದ ಪ್ರಶ್ನೆಯೂ ಬರುತ್ತದೆ. ಒಂದು ತಂಡ ಯಾವಾಗಲೂ ರಾಜ್ಯಗಳನ್ನು ಅಲುಗಾಡಿಸುತ್ತಾ ಇನ್ನೊಂದು ಯಾವಾಗಲೂ ಅದರ ಬೂದಿ ಗುಡಿಸುತ್ತಿದ್ದರೆ ಎರಡನೆಯ ತಂಡ ಹೆಚ್ಚು ದಿನ ಉಳಿಯುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಪುಸ್ತಕ ತೆರೆದು ಯಾರ ಅಂಕಣದಿಂದ ಯಾರ ಅಂಕಣಕ್ಕೆ ಪರಿಣಾಮ ಹರಿದಿದೆ ಎಂದು ನೋಡುತ್ತೇನೆ. ಆಟಗಾರರು ಹೊರಗೆ ಸ್ನೇಹಿತರು, ತಮ್ಮ ತಮ್ಮ ಆಟದ ಬಗ್ಗೆ ಮಾತನಾಡಿಕೊಂಡೇ ತೀರುತ್ತಾರೆ. ಅದನ್ನು ತಡೆಯುವ ಪ್ರಯತ್ನವನ್ನು ನಾನು ಬಿಟ್ಟಿದ್ದೇನೆ. ಒಂದೇ ನಿಧಿಯ ಬೆನ್ನು ಹತ್ತಿದಾಗ ಆ ಲೋಕದ ದಿನಾಂಕದಲ್ಲಿ ಯಾರು ಮೊದಲೋ ಅದು ಅವರದ್ದು, ಯಾರು ಮೊದಲು ಆಡಿದರು ಎಂಬುದು ಲೆಕ್ಕಕ್ಕಿಲ್ಲ. ಆದರೆ ಎರಡು ತಂಡಗಳನ್ನು ಪರಸ್ಪರ ಶತ್ರುಗಳನ್ನಾಗಿ ನಿಲ್ಲಿಸುವ ಮುನ್ನ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಕೇಳಲೇಬೇಕು, ಏಕೆಂದರೆ ತಿಂಗಳುಗಳ ಕಾಲ ಬೆಳೆಸಿದ ಪಾತ್ರವನ್ನು ಸ್ನೇಹಿತನೇ ಕೊಂದಾಗ ಆಗುವ ನೋವು ದಾಳದ ಜೊತೆ ಡಬ್ಬಿಯೊಳಗೆ ಮುಚ್ಚಿಡುವಂಥದ್ದಲ್ಲ.

ಆ ಸೇತುವೆಯ ವಿಷಯಕ್ಕೆ ಮರಳುತ್ತೇನೆ. ಗುರುವಾರದವರು ಪೇಟೆಗೆ ಹಿಂದಿರುಗಿ, ಉಳಿದಿದ್ದ ಹಣವನ್ನೆಲ್ಲ ಕೂಡಿಸಿ, ಒಬ್ಬ ಬಡಗಿಯನ್ನೂ ಹಗ್ಗ ಹೊಸೆಯುವವರನ್ನೂ ಗೊತ್ತುಮಾಡಿದ್ದಾರೆ. ಕೆಲಸಕ್ಕೆ ಇಪ್ಪತ್ತು ದಿನ ಬೇಕು, ಮುಗಿಯುವ ದಿನಾಂಕವನ್ನು ನನ್ನ ಪುಸ್ತಕದಲ್ಲಿ ಗುರುತು ಹಾಕಿದ್ದೇನೆ. ಅದನ್ನು ಕಡಿದದ್ದು ಭಾನುವಾರದವರೆಂದು ಅವರು ಊಹಿಸಿದ್ದಾರೆ, ಏಕೆ ಕಡಿದರೆಂದು ಇನ್ನೂ ಯಾರೂ ಕೇಳಿಲ್ಲ. ಭಾನುವಾರದವರನ್ನು ಅಟ್ಟಿಸಿಕೊಂಡು ಬಂದವರು ಆಚೆ ದಡದ ಕಾಡಿನಲ್ಲಿ ಬೀಡುಬಿಟ್ಟಿದ್ದಾರೆ, ಮತ್ತು ಈಚೆ ದಡದಲ್ಲಿ ಹೊಸ ಕಂಬಗಳು ಏಳುವುದನ್ನು ದಿನವೂ ನೋಡುತ್ತಿದ್ದಾರೆ.

ನಮಸ್ಕಾರ.