ನಮ್ಮ ಮನೇಲಿ ಯಾರಿಗೂ ಇರಲಿಲ್ಲವಲ್ಲ!

ಕೇಳುಗರಿಗೆ ನಮಸ್ಕಾರ. ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಎಷ್ಟೋ ಹೆಂಗಸರ ಬಾಯಲ್ಲಿ ಬರುವ ಮಾತು, "ನಮ್ಮ ಮನೇಲಿ ಯಾರಿಗೂ ಇರಲಿಲ್ಲವಲ್ಲ, ನನಗ್ಯಾಕೆ ಬಂತು?"

ನಿಜ ಏನೆಂದರೆ, ಈ ಕ್ಯಾನ್ಸರ್ ಬಂದ ನೂರು ಜನರಲ್ಲಿ ವಂಶದಿಂದ ಬಂದ ಜೀನ್ ದೋಷ ಕಾರಣವಾಗುವುದು 5ರಿಂದ 10 ಜನರಿಗೆ ಮಾತ್ರ. ಸುಮಾರು ಅರ್ಧದಷ್ಟು ಜನರಲ್ಲಿ ಹೆಣ್ಣಾಗಿರುವುದು, ವಯಸ್ಸಾಗಿರುವುದು ಬಿಟ್ಟರೆ ಬೇರೆ ಕಾರಣವೇ ಸಿಗುವುದಿಲ್ಲ. ಹಾಗಂತ ಮನೆತನದ ವಿಷಯ ಬಿಡುವಂತಿಲ್ಲ. ಬಿಆರ್‌ಸಿಎ ಅನ್ನುವ ಜೀನ್‌ಗಳು ಕೆಟ್ಟರೆ ಸ್ತನ, ಅಂಡಾಶಯ ಎರಡರ ಕ್ಯಾನ್ಸರ್ ಅಪಾಯವೂ ಹೆಚ್ಚು, ಆ ದೋಷ ಅಪ್ಪನಿಂದಲೂ ಮಗಳಿಗೆ ಬರುತ್ತದೆ. ನಾವು ಡಾಕ್ಟರ ಮುಂದೆ ಅಮ್ಮ, ಅಜ್ಜಿ, ಚಿಕ್ಕಮ್ಮನ ಕಥೆ ಹೇಳಿ ಎದ್ದು ಬರುತ್ತೇವೆ, ಸೋದರತ್ತೆಗೆ ಅಂಡಾಶಯದ ಕ್ಯಾನ್ಸರ್ ಆಗಿದ್ದು ನೆನಪೇ ಆಗುವುದಿಲ್ಲ. ಅದನ್ನೂ ಹೇಳಬೇಕು.

ಇನ್ನು ಈಸ್ಟ್ರೋಜನ್, ಅಂದರೆ ಹೆಣ್ತನದ ಹಾರ್ಮೋನ್. ಮೈಯಲ್ಲಿ ಈ ಹಾರ್ಮೋನಿನ ಓಡಾಟ ಎಷ್ಟು ವರ್ಷ ಇರುತ್ತದೋ ಅಷ್ಟು ಅಪಾಯ ಜಾಸ್ತಿ. 12 ವರ್ಷಕ್ಕೂ ಮೊದಲೇ ಮುಟ್ಟು ಶುರುವಾದವರು, 55 ದಾಟಿದ ಮೇಲೆ ನಿಂತವರು, ಮಕ್ಕಳಾಗದವರು, 30 ಆದಮೇಲೆ ಮೊದಲ ಹೆರಿಗೆಯಾದವರು ಈ ಲೆಕ್ಕಕ್ಕೆ ಬರುತ್ತಾರೆ. ಎದೆಹಾಲು ಕೊಟ್ಟಷ್ಟೂ ಅಪಾಯ ಸ್ವಲ್ಪ ತಗ್ಗುತ್ತದೆ. ಇದರಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ, ಅಲ್ವಾ? "ಮಕ್ಕಳಾಗಲಿಲ್ಲ, ಅದಕ್ಕೇ ಬಂತು" ಅಂತ ಯಾರಾದರೂ ಅಂದರೆ ನನಗಂತೂ ಸಿಟ್ಟು ಬರುತ್ತದೆ.

ಕೈಯಲ್ಲಿರುವುದು ಒಂದು, ತೂಕ. ಮುಟ್ಟು ನಿಂತರೆ ಈಸ್ಟ್ರೋಜನ್ ಮುಗಿಯಿತು ಅಂತ ತಿಳಿದಿರುತ್ತೇವೆ. ಅಂಡಾಶಯ ನಿಲ್ಲಿಸುತ್ತದೆ, ಹೌದು, ಆದರೆ ಮೈಯ ಕೊಬ್ಬು ಬೇರೆ ಹಾರ್ಮೋನುಗಳನ್ನೇ ಈಸ್ಟ್ರೋಜನ್ ಆಗಿ ಬದಲಾಯಿಸುತ್ತಾ ಹೋಗುತ್ತದೆ, ಹಾಗಾಗಿ ಆ ವಯಸ್ಸಿನಲ್ಲಿ ಏರಿದ ತೂಕ ಅಪಾಯವನ್ನೂ ಏರಿಸುತ್ತದೆ. ದಿನಾ ಮೈ ಬಗ್ಗಿಸಿ ಓಡಾಡಿದರೆ ಒಳ್ಳೆಯದು. ಇನ್ನೊಂದು, ಮದ್ಯ. ಸ್ವಲ್ಪ ಕುಡಿದರೆ ಸ್ವಲ್ಪ ಅಪಾಯ, ಜಾಸ್ತಿ ಕುಡಿದರೆ ಜಾಸ್ತಿ ಅಪಾಯ. ಮುಟ್ಟು ನಿಂತ ಮೇಲೆ ಮೈ ಬಿಸಿಯೇರುತ್ತದೆ ಅಂತ ಹಾರ್ಮೋನ್ ಮಾತ್ರೆ ನುಂಗುವವರು, ಎಷ್ಟು ದಿನ ನುಂಗಬೇಕು ಅಂತ ಡಾಕ್ಟರನ್ನು ಕೇಳಿ. ಚಿಕ್ಕ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಚಿಕಿತ್ಸೆ ಆಗಿದ್ದರೆ ಅದನ್ನೂ ತಿಳಿಸಿ. ಬಿಗಿ ಬ್ರಾ, ಡಿಯೋಡರೆಂಟ್, ಯಾವಾಗಲೋ ಬಿದ್ದ ಪೆಟ್ಟು, ಇವುಗಳಿಗೆ ಸುಮ್ನೆ ಹೆದರಬೇಡಿ.

ಗಂಟು ಸಿಕ್ಕಿದರೆ "ನೋವಿಲ್ಲವಲ್ಲ" ಅಂತ ಕಾಯಬೇಡಿ. ಕ್ಯಾನ್ಸರ್ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. ಚರ್ಮ ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ ಅದೇ ವಾರ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಹೇಳಬೇಕಾದ್ದು ಪರೀಕ್ಷೆ ಮಾಡಿದ ಡಾಕ್ಟರು, ಪಕ್ಕದ ಮನೆಯವರಲ್ಲ.