ಕಮಿಟ್ ಮಾಡಿದ ಮಾತ್ರಕ್ಕೆ ಕೋಡ್ ಉಳಿಯುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಕೋಲಾರದ ಟೊಮೆಟೊ ಮಂಡಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಅಂದುಕೊಳ್ಳಿ. 15 ಕೆ.ಜಿ. ಬಾಕ್ಸ್ ಲೆಕ್ಕ, ಹರಾಜಿನ ದರ, ಕೂಲಿ, ಕೊನೆಗೆ ರೈತರ ಕೈಗೆ ಬರುವ ಮೊತ್ತ. ನಡೆಯುತ್ತಿರುವ ಫೈಲ್ ಕೆಡದಿರಲೆಂದು 'ಬಿಲ್2', 'ಬಿಲ್_ಹೊಸದು', 'ಬಿಲ್_ಫೈನಲ್' ಅಂತ ಕಾಪಿ ಮಾಡುತ್ತಾ ಹೋಗುತ್ತೀರಿ. ವಾರದೊಳಗೆ ಕೂಲಿ ಕಳೆಯುವ ಲೆಕ್ಕ ಒಂದರಲ್ಲಿ ಸರಿ, ಪೈಸೆ ರೌಂಡ್ ಮಾಡುವುದು ಇನ್ನೊಂದರಲ್ಲಿ ಸರಿ. ಯಾವ ಸಾಲು ಯಾಕೆ ಬದಲಾಯಿತೋ ಯಾರಿಗೂ ನೆನಪಿಲ್ಲ.

ಈ ತೊಡಕಿಗೆ ಗಿಟ್ ಇದೆ, ಫೈಲುಗಳ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಬರೆದದ್ದು. 'ಗಿಟ್ ಇನಿಟ್' ಫೋಲ್ಡರ್‌ನಲ್ಲಿ ಗಿಟ್ ಶುರು ಮಾಡುತ್ತದೆ, 'ಗಿಟ್ ಆಡ್' ದಾಖಲಿಸಬೇಕಾದ ಬದಲಾವಣೆಯನ್ನು ಆರಿಸುತ್ತದೆ, 'ಗಿಟ್ ಕಮಿಟ್' ಅದನ್ನು ಒಂದು ಟಿಪ್ಪಣಿಯ ಜೊತೆ ಇತಿಹಾಸಕ್ಕೆ ಸೇರಿಸುತ್ತದೆ. ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ ಇರಲಿ. ಟಿಪ್ಪಣಿಯಲ್ಲಿ 'ಅಪ್‌ಡೇಟ್' ಅಂತ ಬರೆದರೆ ಪ್ರಯೋಜನವಿಲ್ಲ, 'ಕೂಲಿಯನ್ನು ಬಾಕ್ಸ್ ಲೆಕ್ಕದಲ್ಲಿ ಕಳೆಯಲಾಗಿದೆ' ಅಂತ ಬರೆಯಿರಿ. ಫೈಲುಗಳನ್ನು ಹಳೆಯ ಕಮಿಟ್‌ನ ಸ್ಥಿತಿಗೆ ತಳ್ಳುವ 'ರೀಸೆಟ್ ಹಾರ್ಡ್' ಅನ್ನು ತಪ್ಪಿ ಕೊಟ್ಟರೂ, ಕಮಿಟ್ ಆಗಿದ್ದದ್ದು ಹಿಂದಿನ ಹೆಜ್ಜೆಗಳ ಪಟ್ಟಿಯಾದ 'ಗಿಟ್ ರಿಫ್‌ಲಾಗ್'ನಲ್ಲಿ ಸಿಗುತ್ತದೆ. ಹೀಗೆ ಬ್ರಾಂಚ್‌ನಿಂದ (ಕಮಿಟ್‌ಗಳ ಸಾಲಿನಿಂದ) ಕಳಚಿದ ಕಮಿಟ್‌ಗಳ ದಾಖಲೆ ಸಾಮಾನ್ಯವಾಗಿ 30 ದಿನ ಉಳಿಯುತ್ತದೆ. ಕಮಿಟ್ ಮಾಡದೆ ಬಿಟ್ಟ ತಿದ್ದುಪಡಿ ಮಾತ್ರ ಹೋದದ್ದೇ.

ಆದರೆ ಇಷ್ಟಕ್ಕೇ ನಿಶ್ಚಿಂತೆಯಾಗಬೇಡಿ. ಆ ಇತಿಹಾಸವೆಲ್ಲ ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಒಳಗೇ, 'ಡಾಟ್ ಗಿಟ್' ಎಂಬ ಅಡಗಿದ ಫೋಲ್ಡರ್‌ನಲ್ಲಿದೆ. ಫೋಲ್ಡರ್ ಡಿಲೀಟ್ ಆದರೆ, ಡಿಸ್ಕ್ ಕೈಕೊಟ್ಟರೆ, ಕೋಡ್ ಜೊತೆಗೆ ಅದೂ ಹೋಗುತ್ತದೆ. ಯುಪಿಎಸ್ ಇಲ್ಲದ ಲ್ಯಾಬ್‌ನಲ್ಲಿ ಕಮಿಟ್ ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಒಳಗಿನ ಫೈಲುಗಳು ಖಾಲಿಯಾಗಿ ಉಳಿದದ್ದೂ ಉಂಟು. ಅನುಮಾನ ಬಂದಾಗ, ಆ ಫೈಲುಗಳು ಕೆಟ್ಟಿವೆಯೇ ಅಂತ ಪರೀಕ್ಷಿಸುವ 'ಗಿಟ್ ಎಫ್‌ಎಸ್‌ಸಿಕೆ' ಓಡಿಸಿ ನೋಡಿ.

ಆದ್ದರಿಂದ ದಿನದ ಕೆಲಸ ಮುಗಿದಾಗ ಗಿಟ್‌ಹಬ್‌, ಗಿಟ್‌ಲ್ಯಾಬ್‌ನಂಥ ಆನ್‌ಲೈನ್ ತಾಣಕ್ಕೆ ಪುಶ್ ಮಾಡಿ, ಅಂದರೆ ಕಮಿಟ್‌ಗಳನ್ನು ಕಳಿಸಿ. ವಾರಕ್ಕೊಮ್ಮೆ, ಇತಿಹಾಸವನ್ನು ಒಂದು ಫೈಲಾಗಿ ಕಟ್ಟುವ 'ಗಿಟ್ ಬಂಡಲ್ ಕ್ರಿಯೇಟ್' ಅನ್ನು ಪೆನ್‌ಡ್ರೈವ್‌ಗೆ ಕೊಡಿ; ಕೊನೆಗೆ 'ಆಲ್' ಆಯ್ಕೆ ಸೇರಿಸಿದರೆ ಎಲ್ಲ ಬ್ರಾಂಚ್, ಟ್ಯಾಗ್‌ಗಳೂ (ಕಮಿಟ್‌ಗೆ ಕೊಟ್ಟ ಹೆಸರುಗಳು) ಒಂದೇ ಫೈಲಿಗೆ ಬರುತ್ತವೆ. ರೆಪೊಸಿಟರಿಯನ್ನೇ (ಗಿಟ್ ಇತಿಹಾಸವಿರುವ ಪ್ರಾಜೆಕ್ಟ್ ಫೋಲ್ಡರ್) ಪೆನ್‌ಡ್ರೈವ್‌ನಲ್ಲಿಟ್ಟರೆ ಕಿರಿಕಿರಿ ಇದೆ: ಪೆನ್‌ಡ್ರೈವ್‌ಗಳಲ್ಲಿ ಬಳಸುವ ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಗೆ ಫೈಲ್ ಮಾಲೀಕತ್ವ ಗೊತ್ತಿಲ್ಲ, ಹಾಗಾಗಿ ಈಚಿನ ಗಿಟ್ 'ಡ್ಯೂಬಿಯಸ್ ಓನರ್‌ಶಿಪ್' (ಮಾಲೀಕತ್ವ ಸಂದೇಹಾಸ್ಪದ) ಅಂತ ತಗಾದೆ ತೆಗೆಯಬಹುದು. ಬಂಡಲ್‌ಗೆ ಆ ಕಾಟ ಇಲ್ಲ, ಫ್ಯಾಟ್32ರ ಮಿತಿಯಾದ 4 ಜಿಬಿ ದಾಟದಿದ್ದರೆ ಸಾಕು.

ಗೂಗಲ್ ಡ್ರೈವ್ ಸಿಂಕ್ ಆಗುವ ಜಾಗದಲ್ಲಿ ಪ್ರಾಜೆಕ್ಟ್ ಇಡಬೇಡಿ. ಎರಡು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಸಿಂಕ್ ಆದಾಗ 'ಡಾಟ್ ಗಿಟ್' ಒಳಗಿನ ಫೈಲುಗಳು ಕಲಸಿಹೋಗುತ್ತವೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಇನ್ನು ನಕಲನ್ನು ಪರೀಕ್ಷಿಸುವುದು. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಬಂಡಲ್ ಫೈಲನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಖಾಲಿ ಫೋಲ್ಡರ್‌ಗೆ 'ಗಿಟ್ ಕ್ಲೋನ್' ಮಾಡಿ (ಅದರಿಂದ ಪೂರ್ತಿ ನಕಲು ಇಳಿಸಿ), ಪ್ರೋಗ್ರಾಂ ಓಡಿಸಿ, ಒಂದು ಬಿಲ್ ತೆಗೆಯಿರಿ. ಏನು ಬಿಟ್ಟುಹೋಗಿದೆ ಅಂತ ಆಗಲೇ ಗೊತ್ತಾಗುವುದು. ಗಿಟ್ ದಾಖಲಿಸಬಾರದ ಫೈಲುಗಳ ಪಟ್ಟಿಯಾದ 'ಗಿಟ್‌ಇಗ್ನೋರ್'ನಲ್ಲಿ ಹಾಕಿದ ಸೆಟ್ಟಿಂಗ್ ಫೈಲ್ ಬಂದಿರುವುದಿಲ್ಲ. ಪಾಸ್‌ವರ್ಡ್ ಇರುವ ಆ ಫೈಲ್ ಗಿಟ್‌ಗೆ ಹೋಗಲೂಬಾರದು. ಅದನ್ನು ಬೇರೆಯೇ ಜೋಪಾನ ಮಾಡಿ. ಬರಿಯ ಪುಶ್‌ನಲ್ಲಿ 'ಸ್ಟ್ಯಾಶ್' ಮಾಡಿಟ್ಟದ್ದೂ (ತಾತ್ಕಾಲಿಕವಾಗಿ ಪಕ್ಕಕ್ಕಿಟ್ಟ ತಿದ್ದುಪಡಿ) ಹೋಗುವುದಿಲ್ಲ. ಹರಾಜಿನ ದರಗಳಿರುವ ಡೇಟಾಬೇಸ್ ಅಂತೂ ಕೋಡ್ ಅಲ್ಲವೇ ಅಲ್ಲ: ಅದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಆದರೆ, ಅದರ ನಕಲು ತೆಗೆಯುವ 'ಮೈಎಸ್‌ಕ್ಯುಎಲ್‌ಡಂಪ್'ನಿಂದ ಪ್ರತಿದಿನ ಹರಾಜು ಮುಗಿದ ಮೇಲೆ ತಾರೀಖು ಹಾಕಿದ ಫೈಲ್ ತೆಗೆದು, ಸರ್ವರ್‌ನಿಂದ ಹೊರಗೆ ಇಡಿ.